ಕೆನ್ನೆಯ ಮೇಲಿನ ಇಸವಿ

ಯತೀಶನ ಅಂಗೈಯ ಮೇಲಿದ್ದ ಹತ್ತು ರೂಪಾಯಿಯ ನಾಣ್ಯವನ್ನು ಕಂಡಕ್ಟರ್ ಮುಟ್ಟಲೂ ಇಲ್ಲ. ಪಕ್ಕದ ಐವತ್ತರ ನೋಟನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿಕೊಂಡು, "ಇದು ನಡೆಯಲ್ಲ, ನೋಟಿದ್ರೆ ಕೊಡಪ್ಪ" ಎಂದ. "ಯಾಕ್ರಿ ನಡೆಯಲ್ಲ? ನಾನೇನು ಮನೇಲಿ ಮಾಡ್ಕೊಂಡು ಬಂದೀನಾ?" "ಸರ್ಕಾರದ್ದೇ ಇರ್ಬೋದು ಮಾರಾಯ. ಸೊರಬದಾಗೆ ಒಬ್ರೂ ತಗಳಲ್ಲ. ನಾನು ತಗಂಡು ದೇವರ ಮುಂದಿಟ್ಟು ಪೂಜೆ ಮಾಡ್ಲಾ?" ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೇಟು ಪಡೆದು ಕೂತಿದ್ದ ಪಕ್ಕದ ಮುದುಕಿ, "ಅದು ಖೋಟಾ ಕಣಪ್ಪ, ನಮ್ಮೂರ ಅಂಗ್ಡೇಲೂ ಬ್ಯಾಡ ಅಂತಾರೆ" ಎಂದು ಕನಿಕರದಿಂದ ಹೇಳಿದಳು. ಯತೀಶನಿಗೆ ಮೈಯೆಲ್ಲ ಉರಿದುಹೋಯಿತು. ಖೋಟಾ ಯಾವುದು ಖರೆ ಯಾವುದು ಎಂದು ಇವರಿಗೆ ಹೇಳಲು ಈ ತಾಲ್ಲೂಕಿನಲ್ಲಿ ತನ್ನಷ್ಟು ಯೋಗ್ಯನಾದವನು ಇನ್ನೊಬ್ಬನಿಲ್ಲ, ಆದರೆ ಅದನ್ನು ಕೇಳುವವರು ಯಾರು? ಜೇಬು ತಡಕಿ ಹತ್ತರ ಮುದುರಿದ ನೋಟೊಂದನ್ನು ಕಂಡಕ್ಟರನ ಕೈಗೆ ತುರುಕಿ, ಕಿಟಕಿಯ ಕಡೆ ಮುಖ ತಿರುಗಿಸಿದ. ಶಿಕಾರಿಪುರ ಆಗಲೇ ಹಿಂದೆ ಬಿದ್ದಿತ್ತು. ಅಂಗಿಯ ಮೇಲಿನ ಜೇಬಿನಲ್ಲಿ ಕರ್ಪೂರದ ಸಣ್ಣ ಡಬ್ಬಿ ಎದೆಗೆ ಒತ್ತುತ್ತಿತ್ತು. ಅದರೊಳಗೆ ಹತ್ತಿಯ ನಡುವೆ ಅವನ ಬೆಳ್ಳಿ ರೂಪಾಯಿ ಇತ್ತು.

ಭಾನುವಾರ ಸದಾಶಿವಪ್ಪ ಅದನ್ನು ನೋಡಿದ್ದು ಎಷ್ಟು ಹೊತ್ತು? ಒಂದು ಸಲ ರೆಪ್ಪೆ ಬಡಿಯುವಷ್ಟು. ಸೊರಬದಲ್ಲಿ ಬಟ್ಟೆ ಅಂಗಡಿ ಇಟ್ಟ ಸಾವುಕಾರರು, ಮೂವತ್ತು ವರ್ಷದಿಂದ ಹಳೆಯ ನಾಣ್ಯ ಕೂಡಿಟ್ಟವರು. ಎರಡು ತಿಂಗಳಿಗೊಮ್ಮೆ ಸುತ್ತಲಿನ ನಾಣ್ಯದ ಹುಚ್ಚರೆಲ್ಲ ಅವರ ಅಂಗಡಿಯ ಮಹಡಿಯಲ್ಲಿ ಸೇರಿ ತಂತಮ್ಮದನ್ನು ತೋರಿಸಿಕೊಳ್ಳುವುದು ರೂಢಿ. ಹನ್ನೆರಡು ಜನರ ಮುಂದೆ ಅವರು, ಭೂತಗನ್ನಡಿಯನ್ನೂ ಹಿಡಿಯದೆ, "ಯಾರೋ ಸುತ್ತಿಗೇಲಿ ಹೊಡ್ದಾರೆ ತಮ್ಮಾ, ಇದು ಡ್ಯಾಮೇಜು" ಎಂದು ಮುಂದಿನವನ ಕಡೆ ಕೈ ಚಾಚಿಬಿಟ್ಟಿದ್ದರು. ಹೈಸ್ಕೂಲು ಮೇಷ್ಟ್ರು ಸಿದ್ಧಲಿಂಗೇಶ್ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ನಕ್ಕರು. ನಗದೆ ಇರುತ್ತಾರೆಯೇ? ಹಿಂದಿನ ತಿಂಗಳು ಅದೇ ಮೇಷ್ಟ್ರು ಅರ್ಧ ಮುಖವಿಲ್ಲದ ಎರಡು ರೂಪಾಯಿಯ ಫೋಟೋ ಹಾಕಿ ವಾಟ್ಸಾಪ್ ಗುಂಪಿನಲ್ಲಿ ಅಪರೂಪದ್ದೆಂದು ಬೀಗಿದಾಗ, "ಗ್ರೈಂಡರ್ ಹಿಡ್ದಾರೆ ಸಾರ್, ಗೀರೆಲ್ಲ ಒಂದೇ ದಿಕ್ಕಿಗವೆ" ಎಂದು ಬರೆದವನು ಯತೀಶನೇ. ಟಂಕಸಾಲೆಯಲ್ಲೇ ತಪ್ಪಾಗಿ ಹುಟ್ಟಿದ ನಾಣ್ಯ ಬೇರೆ, ಹೊರಗೆ ಬಂದಮೇಲೆ ಪೆಟ್ಟು ತಿಂದ ನಾಣ್ಯ ಬೇರೆ. ಮೊದಲನೆಯದಕ್ಕೆ ಮಾನವಿದೆ, ಎರಡನೆಯದು ಬರೀ ಗುಜರಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು, ನಾಗೇಶಣ್ಣನ ಲೇಥ್ ಶಾಪಿನಲ್ಲಿ ಎಂಟು ವರ್ಷ ಕಬ್ಬಿಣ ಕೊರೆದ ಕೈಗೆ, ಲೋಹ ಅಚ್ಚಿನೊಳಗೆ ಹರಿದು ಕೂತದ್ದು ಹೇಗಿರುತ್ತದೆ, ಏಟು ಬಿದ್ದು ಪಕ್ಕಕ್ಕೆ ಉಬ್ಬಿದ್ದು ಹೇಗಿರುತ್ತದೆ ಎಂದು ಯಾವ ಪುಸ್ತಕವೂ ಹೇಳಿಕೊಡಬೇಕಾಗಿರಲಿಲ್ಲ. ಗುಂಪಿನಲ್ಲಿ ಯಾರೇ ಏನೇ ಹಾಕಲಿ, ಅವನ ಉತ್ತರ ಒಂದೇ ಶಬ್ದ: ಡ್ಯಾಮೇಜ್. ಬಿ.ಎ. ಓದಿದವರು, ಎಂ.ಎ. ಓದಿದವರು, ಎಲ್ಲರೂ ಆ ಒಂದು ಶಬ್ದಕ್ಕೆ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಭಾನುವಾರ ಅದೇ ಶಬ್ದ ಅವನ ಮುಖಕ್ಕೆ ಬಂದು ಬಡಿಯಿತು.

ಬಸ್ಸು ಶಿರಾಳಕೊಪ್ಪದಲ್ಲಿ ನಿಂತು, ತೊಗರ್ಸಿಯ ಕಡೆಯ ಜನರನ್ನು ಇಳಿಸಿ, ಸೊಪ್ಪಿನ ಮೂಟೆಯೊಂದನ್ನು ಹತ್ತಿಸಿಕೊಂಡು ಹೊರಟಿತು. ಯತೀಶ ಡಬ್ಬಿ ತೆರೆದು ನೋಡಿದ. ಐದನೇ ಜಾರ್ಜ್ ರಾಜನ ಗಡ್ಡದ ಮುಖ, ಆ ಮುಖದ ಕೆನ್ನೆಯ ಮೇಲೆ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಒಳಕ್ಕೆ ತಗ್ಗಾಗಿ ಒಂದು ಇಸವಿ. ಒಂದು, ಒಂಬತ್ತು, ಒಂದು. ಕಡೆಯ ಅಂಕಿಯ ನೆತ್ತಿಯ ಬಾಗು ಮಾತ್ರ ಉಳಿದಿತ್ತು. ಅವ್ವ ಹೂವಮ್ಮ ಪ್ರತಿ ದೀಪಾವಳಿಗೂ ಲಕ್ಷ್ಮಿಪೂಜೆಯ ರೂಪಾಯಿಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಫಳಫಳ ಮಾಡಿ, ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ ಹರವುತ್ತಿದ್ದಳು. ಅಂಥದೊಂದು ದೀಪಾವಳಿ, ಅಂಜನಾಪುರದ ಚಾನೆಲ್ಲಿನ ನೀರು ಗದ್ದೆಗೆ ಬಿಟ್ಟ ದಿನ ಅದು, ಅಪ್ಪ ಕಲ್ಲಪ್ಪ ಮೊಣಕಾಲವರೆಗೆ ಕೆಸರಾಗಿ ಬಂದಿದ್ದ. ಬೇಡ, ಆ ದಿನ ಬೇಡ. ಯತೀಶ ಡಬ್ಬಿ ಮುಚ್ಚಿದ. ಮುಚ್ಚಿದರೆ ನಿಲ್ಲುತ್ತದೆಯೇ? ಬಟ್ಟೆಯ ಮೇಲೆ ಎರಡು ಬೆಳ್ಳಿ ರೂಪಾಯಿ. "ಕಾಗೆ ಕಚ್ಕೊಂಡು ಹೋಗ್ತದೆ, ನೋಡ್ಕಳೇ ಚೈತ್ರ" ಎಂದು ಅವ್ವ ಅಕ್ಕನಿಗೆ ಹೇಳಿ ಒಳಗೆ ಹೋಗಿದ್ದಳು. ಅಕ್ಕ ನೀರು ಕುಡಿಯಲು ಎದ್ದಳು. ಹನ್ನೆರಡು ವರ್ಷದ ಇವನು, ಗ್ರಾಮಲೆಕ್ಕಿಗರು ಕಾಗದಕ್ಕೆ ಮೊಹರು ಗುದ್ದಿದ್ದನ್ನು ಅದೇ ವಾರ ನೋಡಿದ್ದವನು, ಒಂದರ ಮೇಲೊಂದು ರೂಪಾಯಿ ಇಟ್ಟು, ಒರಳುಕಲ್ಲಿನ ಅಂಚಿಗೆ ಹಿಡಿದು, ಸುತ್ತಿಗೆಯಿಂದ ಮೂರು ಏಟು ಹಾಕಿದ. ಮೂರೇ. ಆಮೇಲೆ ಅಪ್ಪನ ಕೂಗು. ಇವನು ಕೊಟ್ಟಿಗೆಯ ಕಂಬದ ಹಿಂದೆ ಸುತ್ತಿಗೆ ಹಿಡಿದು ನಿಂತಿದ್ದ. "ಲಕ್ಷ್ಮಿ ಮುಖ ಕೆಡ್ಸಿದ್ಯಲ್ಲೇ" ಎಂದು ಅಪ್ಪ, ಆಗಷ್ಟೇ ಬಂದು ನಿಂತ ಅಕ್ಕನೇ ಮಾಡಿದ್ದೆಂದುಕೊಂಡು, ಕೈಗೆ ಸಿಕ್ಕ ಹಿತ್ತಾಳೆ ಚೊಂಬನ್ನು ಬೀಸಿ ಒಗೆದ. ಅದು ಚೈತ್ರಳ ಎಡಹುಬ್ಬಿಗೆ ಬಿತ್ತು. ಅವಳು ನಾನಲ್ಲ ಎನ್ನಲೂ ಇಲ್ಲ, ಅವನು ಎಂದು ಕೈ ತೋರಿಸಲೂ ಇಲ್ಲ. ಕಂಬದ ಕಡೆ ಒಂದು ಸಲ ನೋಡಿದಳು, ಅಷ್ಟೆ.

ಆದರೆ ಆ ಗುರುತು ಮೊದಲೇ ಇದ್ದಿದ್ದರೆ? ಎರಡು ವರ್ಷದ ಹಿಂದೆ ಫೋನಿನ ವಿಡಿಯೋ ಒಂದರಲ್ಲಿ, ಟಂಕಸಾಲೆಯಲ್ಲಿ ನಾಣ್ಯವೊಂದು ಅಚ್ಚಿಗೆ ಕಚ್ಚಿಕೊಂಡು ಮುಂದಿನ ಖಾಲಿ ಬಿಲ್ಲೆಯ ಮೇಲೆ ಉಲ್ಟಾ ಗುರುತು ಒತ್ತುವುದನ್ನು ಕಂಡ ದಿನ ಯತೀಶ ಶಾಪಿನಲ್ಲಿ ಎದ್ದು ನಿಂತುಬಿಟ್ಟಿದ್ದ. ಹನ್ನೆರಡು ವರ್ಷದ ಹುಡುಗನ ತೋಳಿಗೆ ಬೆಳ್ಳಿಯನ್ನು ಅಷ್ಟು ಆಳ ತಗ್ಗಿಸುವ ಕಸುವು ಎಲ್ಲಿಂದ ಬರಬೇಕು? ನೂರು ವರ್ಷದ ಹಿಂದೆ ಟಂಕಸಾಲೆಯಲ್ಲೇ ಆದದ್ದು ಅದು. ಮನೆಯವರು ಯಾರೂ ನೋಡಿರಲಿಲ್ಲ, ಆ ದಿನ ನೋಡಿದರು, ಅಷ್ಟೆ. ಹಾಗಿದ್ದರೆ ಅವನ ಸುತ್ತಿಗೆ ಏನೂ ಮಾಡಲಿಲ್ಲ. ಚೊಂಬು ಅಪ್ಪನ ಕೋಪಕ್ಕೆ ಬಿದ್ದದ್ದು, ಇವನ ತಪ್ಪಿಗಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ ಮಾತು: ಇದು ಹುಟ್ಟಿದ್ದೇ ಹೀಗೆ ಎಂದು ತಿಳಿದವನೊಬ್ಬ ಹೇಳಬೇಕು. ಅದಕ್ಕಾಗಿ ನಾಗೇಶಣ್ಣನಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ, ಒಂದು ದಿನದ ಕೂಲಿ ಬಿಟ್ಟು ಹೊರಟಿದ್ದ.

ಸೊರಬದ ಅಂಗಡಿಯಲ್ಲಿ ಸದಾಶಿವಪ್ಪನವರ ಹೆಂಡತಿ ಸರ್ವಮಂಗಳ ಯಾರಿಗೋ ಲಂಗದ ಬಟ್ಟೆ ಅಳೆಯುತ್ತಿದ್ದವರು ತಲೆಯೆತ್ತಿ, "ಇವ್ರೇ, ನಿಮ್ಮ ದುಡ್ಡಿನ ಹುಡುಗ ಬಂದಾನೆ ನೋಡಿ" ಎಂದು ಒಳಕ್ಕೆ ಕೂಗಿದರು. ಸದಾಶಿವಪ್ಪ ಒಳಕೋಣೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದರು.

"ಭಾನುವಾರ ಸಿಟ್ಟು ಮಾಡ್ಕೊಂಡು ಹೋದ್ಯಲ್ಲೋ. ಕೂತ್ಕ. ಮಂಡಕ್ಕಿ ತಿಂತೀಯಾ?"

"ಬ್ಯಾಡ್ರಿ ಸಾವ್ಕಾರ್ರೆ. ಭಾನುವಾರ ನೀವು ಭೂತಗನ್ನಡಿನೂ ಹಿಡೀಲಿಲ್ಲ."

"ಇವತ್ತು ಹಿಡೀತೀನಿ, ತಾ ಮಾರಾಯ."

ಯತೀಶ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಒಂದೇ ಉಸಿರಿಗೆ ಸುರಿದ. "ಮೊದಲ್ನೇ ಏಟು ಸರಿಯಾಗೇ ಬಿದ್ದೈತೆ. ಆದ್ರೆ ರೂಪಾಯಿ ಅಚ್ಚಿನಿಂದ ಹೊರಗೆ ಹೋಗಿಲ್ಲ. ಅಷ್ಟರಾಗೆ ಇನ್ನೊಂದು ರೂಪಾಯಿ ಮೇಲಿನ ಅಚ್ಚಿಗೆ ಕಚ್ಕೊಂಡೈತೆ. ಎರಡ್ನೇ ಏಟಿಗೆ ಅದರ ಬೆನ್ನು ಇದರ ಮುಖಕ್ಕೆ ಒತ್ತೈತೆ. ಅದಕ್ಕೇ ಇಸವಿ ಉಲ್ಟಾ, ಅದಕ್ಕೇ ತಗ್ಗು."

ಸದಾಶಿವಪ್ಪ ಮಂಡಕ್ಕಿಯ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಇದನ್ನ ಎಲ್ಲಿ ಓದ್ದೆ?"

"ಓದಿಲ್ಲ. ನಮ್ಮ ಶಾಪಿನಾಗೆ ವಾಷರ್ ಪಂಚ್ ಮಾಡೋವಾಗ ಹಿಂಗೇ ಆಗ್ತದೆ. ಒಂದು ಕಚ್ಕೊಂಡ್ರೆ ಮುಂದಿನ್ದು ಕೆಡ್ತದೆ."

ಅವರು ಬಹಳ ಹೊತ್ತು ನೋಡಿದರು. ಬೆಳಕಿಗೆ ಓರೆ ಹಿಡಿದರು, ತಿರುವಿದರು, ಉಗುರಿನಿಂದ ಅಂಚು ಸವರಿದರು. ಯತೀಶ ಅವರ ಹಣೆಯ ವಿಭೂತಿಯನ್ನೇ ನೋಡುತ್ತ ಕೂತ. "ನೀ ಹೇಳಿದ್ದು ಆಗಬಾರದ್ದೇನಲ್ಲ" ಎಂದರು ಕಡೆಗೆ. "ಹಿಂಬದಿಗೆ ಪೆಟ್ಟು ಬಿದ್ದದಾ ನೋಡಿ ಹೇಳಣ ಅಂದ್ರೆ ತಿಕ್ಕಿ ತಿಕ್ಕಿ ಇಸವಿ ಬಿಟ್ರೆ ಏನೂ ಉಳಿಸಿಲ್ಲ. ಹುಣಸೆಹಣ್ಣಾ?"

"ಹೌದು. ಅವ್ವ."

"ಎಲ್ಲರ ಮನೇಲೂ ಇದೇ ಹಣೆಬರಹ. ಭಕ್ತಿ ಜಾಸ್ತಿ ಆದಂಗೆಲ್ಲ ದುಡ್ಡು ಸವೀತದೆ. ಇರ್ಲಿ. ಇದರ ಬೆನ್ನಿಗೆ ಯಾವ ಇಸವಿ?"

"ಹತ್ತೊಂಬೈನೂರ ಹನ್ನೆರಡು."

"ಕೆನ್ನೆ ಮೇಲೆ?"

"ಅದೂ ಹನ್ನೆರಡೇ."

"ಕಡೇ ಅಂಕಿ ನೆತ್ತಿ ಮಾತ್ರ ಕಾಣ್ತದೆ ತಮ್ಮಾ. ಎರಡೂ ಇರಬೌದು, ಎಂಟೂ ಇರಬೌದು. ಎಂಟಾಗಿದ್ರೆ ಕತೆ ಮುಗೀತು. ಹನ್ನೆರಡರಲ್ಲಿ ಹುಟ್ಟಿದ್ದರ ಮುಖದ ಮೇಲೆ ಹದಿನೆಂಟರಲ್ಲಿ ಹುಟ್ಟಿದ್ದು ಟಂಕಸಾಲೇಲಿ ಹೆಂಗೆ ಬೀಳ್ತದೆ? ಹೊರಗೇ ಬೀಳಬೇಕು, ಯಾರದೋ ಕೈಯಲ್ಲಿ." ನಾಣ್ಯವನ್ನು ಹತ್ತಿಯ ಮೇಲಿಟ್ಟು ಅವನ ಮುಖ ನೋಡಿದರು. "ಮನೇಲಿ ಇದಕ್ಕೆ ಜೋಡಿ ಇತ್ತಾ? ಬೇರೆ ಬೆಳ್ಳಿ ರೂಪಾಯಿ?"

"ಇಲ್ಲ. ಇದೊಂದೇ."

ಮಾತು ತಾನಾಗಿ ಹೊರಬಿದ್ದಿತು. ಅದನ್ನು ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ಸದಾಶಿವಪ್ಪ ಉದ್ದನೆಯ ಪುಸ್ತಕವನ್ನು ತೆಗೆದಿದ್ದರು. ಗುಂಪಿನವರ ನಾಣ್ಯಗಳನ್ನೆಲ್ಲ ಬರೆದಿಡುವ ಪುಸ್ತಕ. "ನೀನು ಇಲ್ಲ ಅಂದ್ರೆ ಇಲ್ಲ. ಊರಿನವರ ದುಡ್ಡನ್ನೆಲ್ಲ ಬೈದು ಬಿಸಾಕೋನು ನಿಂದರ ವಿಷಯಕ್ಕೆ ಸುಳ್ಳು ಹೇಳ್ತೀಯಾ? ನಿನ್ನ ಮಾತಿನ ಮೇಲೆ ಬರೀತೀನಿ." ಬರೆದರು: ಬೆಳ್ಳಿ ರೂಪಾಯಿ, 1912. ಟಂಕಸಾಲೆಯ ದೋಷ. ಶಿಕಾರಿಪುರದ ಯತೀಶ ಅವರ ಸಂಗ್ರಹ. 'ಅವರ' ಎಂದು ಯಾರೂ ಈವರೆಗೆ ಅವನ ಹೆಸರಿನ ಮುಂದೆ ಬರೆದಿರಲಿಲ್ಲ. ನಾಗೇಶಣ್ಣನ ಹಾಜರಿ ಪುಸ್ತಕದಲ್ಲಿ ಅವನು ಬರೀ ಯತಿ.

ಬೀದಿಗೆ ಬಂದ ಮೇಲೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ಹತ್ತರ ನಾಣ್ಯ ತೆಗೆದುಕೊಳ್ಳುವುದಿಲ್ಲವೆಂದಾಗ ಜಗಳವಾಡುವ ಶಕ್ತಿಯೂ ಇರಲಿಲ್ಲ. ಆ ಸಾವುಕಾರ ಮುದುಕ ಯಾಕೆ ನಂಬಿದ? ಭಾನುವಾರದ ಹಾಗೆ ಕೈಯಾಡಿಸಿ ಡ್ಯಾಮೇಜು ಎಂದಿದ್ದರೆ ಇವನು ಕೂಗಾಡಿ, ಬಾಗಿಲು ಬಡಿದು, ಕೋಪವನ್ನು ಹೊತ್ತುಕೊಂಡೇ ಶಿಕಾರಿಪುರಕ್ಕೆ ಹೋಗಬಹುದಿತ್ತು. ಜೋಡಿ ರೂಪಾಯಿ ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಚೈತ್ರಳನ್ನು ಗಂಡನ ಮನೆಗೆ ಕಳಿಸುವಾಗ ಅವ್ವ ಮಡಿಲಕ್ಕಿಯ ಜೊತೆ, ಕೊಬ್ಬರಿ ಬಟ್ಟಲಿನ ಕೆಳಗೆ, ಅದನ್ನು ಇಟ್ಟಿದ್ದಳು. ಆ ಗಂಡನ ಮನೆ ಈ ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿ. ಎರಡು ವರ್ಷದಿಂದ ನಾಣ್ಯ ಹಿಡಿದು ಊರೂರು ಅಲೆದವನು ಆ ಐದು ನಿಮಿಷ ಒಮ್ಮೆಯೂ ನಡೆದಿರಲಿಲ್ಲ. ಕಾಲು ಈಗ ಅವನನ್ನು ಕೇಳದೆ ನಡೆಯಿತು.

ಚೈತ್ರ ಜಗಲಿಯ ಮೇಲೆ ಹೊಲಿಗೆ ಮೆಷಿನ್ನಿನ ಮುಂದೆ ಕೂತು ರವಿಕೆಗೆ ತೋಳು ಕೂಡಿಸುತ್ತಿದ್ದಳು. ಅವಳ ಅತ್ತೆ ದ್ಯಾಮಮ್ಮ ಮೊಮ್ಮಗಳು ಸ್ಪಂದನಳನ್ನು ಕಾಲುಗಳ ನಡುವೆ ಇರುಕಿಸಿಕೊಂಡು ತಲೆ ಬಾಚುತ್ತಿದ್ದಳು. "ಓಹೋ, ದಾರಿ ತಪ್ಪಿತೇನೋ ಯತೀಶ" ಎಂದು ದ್ಯಾಮಮ್ಮ ನಕ್ಕಳು. "ಬರಿಗೈಯಲ್ಲಿ ಬಂದ್ಯಾ? ಮಗೀಗೊಂದು ಬಿಸ್ಕೀಟು ಬ್ಯಾಡ್ವಾ?" ಅವನು ಹತ್ತರ ನಾಣ್ಯವನ್ನು ಸ್ಪಂದನಳ ಕೈಗಿಟ್ಟ. ಮಗು ಅದನ್ನು ತಿರುಗಿಸಿ ನೋಡಿ, "ಇದು ನಡೆಯಲ್ಲ ಮಾಮ" ಎಂದಿತು. ಎಲ್ಲರೂ ನಕ್ಕರು, ಚೈತ್ರಳೂ ನಕ್ಕಳು. ನಕ್ಕಾಗ ಅವಳ ಎಡಹುಬ್ಬು ನಡುವೆ ಬಿರುಕು ಬಿಟ್ಟು ಎರಡಾಯಿತು. ಆ ಬಿರುಕಿನಲ್ಲಿ ಕೂದಲು ಬೆಳೆದೇ ಇರಲಿಲ್ಲ, ಚರ್ಮ ಅಂಚಿನಲ್ಲಿ ಉಬ್ಬಿ, ನಡುವೆ ತಗ್ಗಾಗಿ ಮಿರುಗುತ್ತಿತ್ತು. ಯತೀಶನ ಕಣ್ಣು ಅಲ್ಲಿ ನಿಂತದ್ದನ್ನು ದ್ಯಾಮಮ್ಮ ನೋಡಿದಳು.

"ನಮ್ಮ ಸೊಸೆಗೆ ಹುಟ್ಟಿದಾಗಿಂದ ಹಿಂಗಂತಲ್ಲ. ಹೆಣ್ಣು ನೋಡೋಕೆ ಬಂದಾಗ ನಿಮ್ಮವ್ವನೇ ಹೇಳಿದ್ಲು. ಹುಟ್ಟಿದಾಗಿಂದ ಬಂದಿದ್ದು ಅದೃಷ್ಟ ಅಂತ ಮಾಡ್ಕೊಂಡ್ವಿ." ಮಗುವಿನ ಹುಬ್ಬನ್ನು ಹೆಬ್ಬೆರಳಿನಿಂದ ನೀವಿದಳು. "ಆದ್ರೆ ಮಗೀಗೆ ಬಂದಿಲ್ಲ ನೋಡು. ತಾಯಿದು ಬರಬೇಕಲ್ವಾ? ನಂಗದೇ ಆಶ್ಚರ್ಯ."

ಅಲ್ಲ ಅತ್ತೆ, ಎಂದು ಅವನ ಬಾಯಿ ತೆರೆಯಿತು. "ಅದು ಹುಟ್ಟಿ..." ಎನ್ನುವಷ್ಟರಲ್ಲಿ ಚೈತ್ರಳ ಮೆಷಿನ್ನು ತಟ್ಟನೆ ನಿಂತಿತು. "ಯತಿ, ಒಳಗೆ ಬಾ. ಮಜ್ಜಿಗೆ ಕೊಡ್ತೀನಿ."

ಅಡುಗೆಮನೆಯಲ್ಲಿ ಅವಳು ಮಜ್ಜಿಗೆ ಕೊಡಲಿಲ್ಲ. "ಏನು ಹೇಳೋಕೆ ಹೊರಟಿದ್ದೆ?" ಎಂದು ಪಿಸುದನಿಯಲ್ಲಿ ಕೇಳಿದಳು.

"ನಿಜ. ಅಪ್ಪ ಹೊಡ್ದಿದ್ದು ಅಂತ. ನನ್ನ ತಪ್ಪಿಗೆ ಅಂತ."

"ಆರು ವರ್ಷದಿಂದ ನಾನು ಹೇಳಿದ್ದನ್ನ ಇವತ್ತು ನೀನು ಬಂದು ಸುಳ್ಳು ಮಾಡ್ತೀಯಾ? ಅಪ್ಪ ಚೊಂಬು ಒಗೆದ ಅಂತ ಈ ಮನೇಲಿ ಗೊತ್ತಾಗ್ಬೇಕಾ? ನಿಂಗೆ ಎದೆ ಹಗುರ ಆಗ್ತದೆ, ಎದ್ದು ಬಸ್ ಹತ್ತಿ ಹೋಗ್ತೀಯ. ಇಲ್ಲಿ ಇರೋಳು ನಾನು."

"ನಿಂಗೆ ಗೊತ್ತಿತ್ತಾ, ಹೊಡ್ದಿದ್ದು ನಾನು ಅಂತ?"

"ಕಂಬದ ಹಿಂದೆ ಸುತ್ತಿಗೆ ಕಾಣ್ತಿತ್ತು ಕಣೋ. ನೀನು ಮಾತ್ರ ಬಚ್ಚಿಟ್ಕೊಂಡಿದ್ದೆ." ನಗುವೂ ಅಲ್ಲದ ಸಿಟ್ಟೂ ಅಲ್ಲದ ಒಂದು ಗೆರೆ ಅವಳ ತುಟಿಯಲ್ಲಿ ಬಂದು ಹೋಯಿತು. "ಮತ್ತೆ ಇದನ್ನ ಎತ್ತಬ್ಯಾಡ. ಏನಕ್ಕೆ ಬಂದೆ, ಅದನ್ನ ಹೇಳು."

ಅವನು ಹೇಳಿದ. ಅವಳು ದೇವರಗೂಡಿನ ಕುಂಕುಮದ ಬಟ್ಟಲಿನ ಕೆಳಗಿನಿಂದ ರೂಪಾಯಿ ತಂದು ಅಂಗೈಗೆ ಹಾಕಿದಳು. ಇವಳು ಅದನ್ನು ತಿಕ್ಕಿರಲೇ ಇಲ್ಲ, ಕಪ್ಪಾಗಿತ್ತು, ಆದ್ದರಿಂದ ಎಲ್ಲವೂ ಹಾಗೇ ಇತ್ತು. 1918. ಎಂಟರ ನೆತ್ತಿ ಚಪ್ಪಟೆಯಾಗಿ, ಮೇಲಿನ ಕಣ್ಣು ಅರ್ಧ ಮುಚ್ಚಿತ್ತು. ಏಟಿನ ಬಿಸಿಗೆ ಬೆಳ್ಳಿ ಪಕ್ಕಕ್ಕೆ ಸರಿದ ಗುರುತು, ನಾಗೇಶಣ್ಣನ ಶಾಪಿನಲ್ಲಿ ಅವನು ಸಾವಿರ ಸಲ ಕಂಡ ಗುರುತು. ಯತೀಶ ಡಬ್ಬಿ ಬಿಚ್ಚಿ ತನ್ನ ನಾಣ್ಯದ ಮುಖವನ್ನು ಅದರ ಬೆನ್ನಿಗೆ ಹಿಡಿದು ಮೆಲ್ಲಗೆ ತಿರುಗಿಸಿದ. ಒಂದು ಕಡೆ ಬಂದಾಗ ಎರಡೂ ಒಂದರೊಳಗೊಂದು ಕೂತವು. ಮತ್ತೆ ತಿರುಗಿಸಲು ನೋಡಿದ, ಅಲುಗಲಿಲ್ಲ. ಹನ್ನೆರಡು ವರ್ಷದ ತೋಳಿಗೆ ಕಸುವು ಇತ್ತು. ಬೇಕಾದಷ್ಟಿತ್ತು. "ಮಜ್ಜಿಗೆ ಕುಡ್ದು ಹೋಗು" ಎಂದಳು ಚೈತ್ರ, ಲೋಟ ಹುಡುಕುತ್ತ. ಅವನು ಅವಳ ನಾಣ್ಯವನ್ನು ಕುಂಕುಮದ ಬಟ್ಟಲಿನ ಕೆಳಗೆ ಮೊದಲಿದ್ದ ಹಾಗೆ ಇಟ್ಟು, ಮಜ್ಜಿಗೆಯನ್ನು ನಿಂತೇ ಕುಡಿದು, ದ್ಯಾಮಮ್ಮನ ಮುಖ ನೋಡದೆ ಮೆಟ್ಟಿಲಿಳಿದ.

ಸದಾಶಿವಪ್ಪ ಊಟಕ್ಕೆ ಹೋಗಲು ಷಟರನ್ನು ಅರ್ಧ ಇಳಿಸಿದ್ದರು. ಯತೀಶ ಬಗ್ಗಿ ಒಳಗೆ ನುಗ್ಗಿದ. "ಬರ್ದಿದ್ದು ಹೊಡೆದು ಹಾಕ್ರಿ ಸಾವ್ಕಾರ್ರೆ. ಜೋಡಿ ಇತ್ತು. ಇತ್ತು ಅಂತ ನಂಗೆ ಗೊತ್ತಿತ್ತು. ಹದಿನೆಂಟು ಅದು."

ಬೈಯುತ್ತಾರೆಂದು ಕಾದ. ಬೈಯಲಿ ಎಂದೇ ಕಾದ. ಅವರು ಬೈಯಲಿಲ್ಲ, ಪುಸ್ತಕ ತೆರೆದು ಒಂದು ಗೆರೆ ಎಳೆದರು. "ಯಾರು ಹೊಡ್ದಿದ್ದು?"

"ನಾನೇ. ಹನ್ನೆರಡು ವರ್ಷದವನಿದ್ದೆ."

"ಹ್ಞೂ, ಹುಡುಗ್ರು ಮಾಡೋದೇ ಅದು, ಬಿಡು ಅತ್ಲಾಗೆ" ಎಂದು ಅವರು ನಕ್ಕರು, ಆ ನಗೆಯಲ್ಲಿ ಕೆಡುಕಿರಲಿಲ್ಲ, ಅದಕ್ಕೇ ಯತೀಶನಿಗೆ ತಡೆಯಲಾಗಲಿಲ್ಲ. ಒಬ್ಬಳು ಬಾಯಿ ಮುಚ್ಚು ಎನ್ನುತ್ತಾಳೆ, ಇನ್ನೊಬ್ಬರು ಬಿಡು ಎನ್ನುತ್ತಾರೆ. ಇದನ್ನು ಅವನು ಎಲ್ಲಿ ತೆಗೆದುಕೊಂಡು ಹೋಗಿ ಇಡಬೇಕು? ಗೆರೆಯ ಕೆಳಗೆ ಸದಾಶಿವಪ್ಪ ಬರೆಯುತ್ತಿದ್ದರು: ಹೊರಗಿನ ಪೆಟ್ಟು. ಹೊಡೆದವರು ಯಾರೆಂದು ತಿಳಿದಿಲ್ಲ.

"ತಿಳಿದಿಲ್ಲ ಅಂತ ಯಾಕೆ ಬರೀತೀರಿ? ಈಗ ಹೇಳಿದ್ನಲ್ಲ!"

"ಕೂಗಬ್ಯಾಡ ಮಾರಾಯ. ಎಲ್ಲದಕ್ಕೂ ಹಂಗೇ ಬರಿಯೋದು. ಈ ಪುಸ್ತಕದಲ್ಲಿ ಪೆಟ್ಟು ತಿಂದ ದುಡ್ಡು ಇನ್ನೂರವೆ. ಹೊಡ್ದವರು ಯಾರು ಅಂತ ಒಂದಕ್ಕೂ ಗೊತ್ತಿಲ್ಲ."

"ಇದೊಂದಕ್ಕೆ ಗೊತ್ತೈತಲ್ರಿ. ನನ್ನ ಹೆಸರು ಹಾಕ್ರಿ."

ಸದಾಶಿವಪ್ಪ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಅವರು ನಗಲಿಲ್ಲ. ತಿಳಿದಿಲ್ಲ ಎಂಬುದನ್ನು ಹೊಡೆದು, ಪಕ್ಕದಲ್ಲಿ ಪೆನ್ನೊತ್ತಿ ಬರೆದರು. ಶಾಯಿ ಬರಲಿಲ್ಲ. ಹಾಳೆಯ ಮೇಲೆ ಅವನ ಹೆಸರು ಬಣ್ಣವಿಲ್ಲದೆ, ಬರೀ ತಗ್ಗಾಗಿ ಬಿತ್ತು.

"ಇನ್ನೊಂದ್ಸಲ ಬರೀರಿ" ಎಂದ ಯತೀಶ, ಮೇಜಿನ ಮೇಲೆ ಬಿದ್ದಿದ್ದ ಬೇರೆ ಪೆನ್ನನ್ನು ಅವರ ಕೈಗೆ ಕೊಡುತ್ತ. "ಅದರ ಮೇಲೇ ಬರೀರಿ."